ಬಾಟಲಿಯ ಹಿಂದೆ ರಸ್ತೆ ಇತ್ತು

ಬಸ್ಸಿಳಿದು ಶಾಲೆಯವರೆಗೆ ನಡೆಯುವವರು ನಾವು ಮೂವರು. ಒಬ್ಬರು ಕನ್ನಡ ಮಾಷ್ಟ್ರು, ಒಬ್ಬರು ಗಣಿತದ ಟೀಚರು, ಇನ್ನೊಬ್ಬರು ಆಟ-ಪಾಠ-ಬಿಸಿಯೂಟ ಎಲ್ಲದಕ್ಕೂ ಸೈ ಅನ್ನುವ ಡ್ರಿಲ್ ಮಾಷ್ಟ್ರು. ಬರೆಯುವ ಕೈ ಒಂದೇ ಆದರೂ ನಡೆಯುವ ಕಾಲು ಆರು. ಹಾಗಾಗಿ ಇಲ್ಲಿ 'ನಾವು' ಅಂದರೆ ಮೂವರೂ ಅಂತಲೇ ತಿಳಿಯಿರಿ. ತಪ್ಪೂ ಮೂವರದ್ದೇ, ಅದನ್ನು ಮುಂದೆ ಹೇಳುತ್ತೇವೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೂರ್ವದ ಬದಿ. ಕರ್ನಾಟಕದ ಗಡಿಗೆ ಕೂಗಳತೆಯ ದೂರ. ತಗ್ಗಿನಲ್ಲಿ ಅಡಿಕೆ ತೋಟ, ಏರಿನಲ್ಲಿ ಗೇರುಗುಡ್ಡೆ, ಅದರ ಮೇಲೆ ಬರೀ ಮುಳಿಹುಲ್ಲಿನ ಪಾರೆ. ಬಸ್ ಸ್ಟಾಪಿನಿಂದ ಶಾಲೆಗೆ ಸುಮಾರು ಎರಡು ಕಿಲೋಮೀಟರ್. ಅರ್ಧ ದಾರಿಯಲ್ಲಿ ಒಂದು ಹಳೆಯ ಕೆಂಪುಕಲ್ಲಿನ ಕೋರೆ ಸಿಗುತ್ತದೆ. ಕಲ್ಲು ಕಡಿಯುವುದು ನಿಂತು ವರ್ಷಗಳಾದವು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಪಳ್ಳವಾಗುತ್ತದೆ, ಮಕ್ಕಳು ಕಪ್ಪೆಮರಿ ಹಿಡಿಯುತ್ತಾರೆ. ದೀಪಾವಳಿ ಕಳೆದ ಮೇಲೆ ಒಣಗಿ, ನಾಲ್ಕು ಗೋಡೆ ಇರುವ ಮೈದಾನದ ಹಾಗೆ ಆಗುತ್ತದೆ. ನಾಲ್ಕು ಗೋಡೆ ಅಂದೆವಲ್ಲ, ಸರಿಯಾಗಿ ಹೇಳಬೇಕಾದರೆ ಮೂರೂವರೆ. ರಸ್ತೆಯ ಕಡೆಯದ್ದು ಸೊಂಟದಷ್ಟೇ ಎತ್ತರ. ಈ ಅರ್ಧ ಗೋಡೆಯದ್ದೇ ನಮ್ಮ ಕಥೆ.

2024ರ ಜುಲೈ-ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯಿತಲ್ಲ. ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಸರಬ್‌ಜೋತ್ ಸಿಂಗ್ ಜೊತೆ ಸೇರಿ ಮತ್ತೊಂದು ಕಂಚು. ಕೊಲ್ಲಾಪುರ ಕಡೆಯ ಹಳ್ಳಿಯ ಹುಡುಗ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರ್ ರೈಫಲಿನಲ್ಲಿ ಕಂಚು ತಂದರು. ನಾವೂ ಅಸೆಂಬ್ಲಿಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿದೆವು. 2008ರ ಬೀಜಿಂಗಿನ ಅಭಿನವ್ ಬಿಂದ್ರಾ ಕಥೆಯನ್ನೂ ಸೇರಿಸಿ ಸ್ವಲ್ಪ ಉದ್ದವೇ ಭಾಷಣ ಮಾಡಿದ ನೆನಪು.

ಆ ಮಳೆ ಮುಗಿದ ಮೇಲೆ ಕೋರೆಯಲ್ಲಿ ನಾಲ್ಕೈದು ಹುಡುಗರು ಕಾಣಿಸಿಕೊಂಡರು. ಕೈಯಲ್ಲಿ ಏರ್‌ಗನ್. ಅರ್ಧ ಗೋಡೆಯ ಮೇಲೆ ಸಾಲಾಗಿ ಬಾಟಲಿ, ಡಬ್ಬ. ಆದಿತ್ಯವಾರ ಮತ್ತು ರಜಾದಿನಗಳಲ್ಲಿ 'ಟಪ್... ಟಪ್...' ಅಂತ ಸಣ್ಣ ಸದ್ದು. ಅವರಲ್ಲಿ ಇಬ್ಬರು ನಮ್ಮ ಹಳೆಯ ವಿದ್ಯಾರ್ಥಿಗಳೇ. ಒಬ್ಬನಂತೂ ಏಳನೆಯಲ್ಲಿ ಗಣಿತಕ್ಕೆ ಫಸ್ಟ್ ಇದ್ದವನು.

ಈಗ ತಪ್ಪಿನ ವಿಷಯ. ಡಿಸೆಂಬರಿನ ಒಂದು ಸಂಜೆ ಅವರು "ಬನ್ನಿ ಮಾಷ್ಟ್ರೇ, ಒಂದು ಹೊಡೆದು ನೋಡಿ" ಅಂತ ಕರೆದರು. ಹೋದೆವು. ಕನ್ನಡ ಮಾಷ್ಟ್ರ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಡ್ರಿಲ್ ಮಾಷ್ಟ್ರಿಗೆ ಎರಡು ಬಾಟಲಿ ಬಿತ್ತು. ಗಣಿತದ ಟೀಚರು ಮೊದಲನೇ ಗುಂಡಿಗೇ ಬಾಟಲಿ ಉರುಳಿಸಿದರು! ಎರಡು ದಿನ ಸ್ಟಾಫ್ ರೂಮಿನಲ್ಲಿ ಅದೇ ಮಾತು, ಅದೇ ನಗು. ಬಾಟಲಿಯ ಹಿಂದೆ ಏನಿದೆ ಅಂತ ಮೂವರಲ್ಲಿ ಒಬ್ಬರೂ ನೋಡಲಿಲ್ಲ. ದಿನಾ ಎರಡು ಸಲ ನಡೆಯುವ ದಾರಿ ಅದೇ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಫೆಬ್ರವರಿ ಬಂತು. ಗೇರು ಹೂ ಬಿಟ್ಟು ಗುಡ್ಡೆಯೆಲ್ಲ ಪರಿಮಳ. ಎಲ್‌ಎಸ್‌ಎಸ್ ಪರೀಕ್ಷೆ ಹತ್ತಿರ ಬಂದದ್ದರಿಂದ ನಾಲ್ಕನೆಯ ಕ್ಲಾಸಿನವರಿಗೆ ಶನಿವಾರವೂ ಪಾಠ. ಬೆಳಿಗ್ಗೆ ಏಳೆಂಟು ಮಕ್ಕಳ ಜೊತೆ ನಾವು ಏರು ಹತ್ತುತ್ತಿದ್ದೆವು. ಕೋರೆಯ ಹತ್ತಿರದ ತಿರುವಿನಲ್ಲಿ ಒಂದು ಹುಡುಗಿ "ಟೀಚರ್, ಯಾರೋ ಕಲ್ಲು ಬಿಸಾಡಿದರು" ಅಂದಳು. ಹಿಂದೆ ಬರುತ್ತಿದ್ದ ಹುಡುಗರಿಗೆ ಬೈದೆವು. ಪಾಪ, ಅವರು ಏನೂ ಮಾಡಿರಲಿಲ್ಲ.

ಶಾಲೆಗೆ ಬಂದು ಬ್ಯಾಗು ಇಳಿಸುವಾಗ ನೋಡಿದರೆ, ಬದಿಯ ಕಿಸೆಯಲ್ಲಿದ್ದ ಸ್ಟೀಲ್ ನೀರಿನ ಬಾಟಲಿಯ ಹೊಟ್ಟೆ ಒಳಗೆ ಹೋಗಿದೆ. ಕಿಸೆಯ ಬಟ್ಟೆಯಲ್ಲಿ ಒಂದು ತೂತು. ಕಿಸೆಯ ಅಡಿಯಲ್ಲಿ ಕಡಲೆಬೇಳೆಯಷ್ಟು ದೊಡ್ಡ, ಚಪ್ಪಟೆಯಾದ ಸೀಸದ ಚೂರು. ಬಾಟಲಿಗೂ ಅವಳ ಪಕ್ಕೆಲುಬಿಗೂ ಮಧ್ಯೆ ಎಷ್ಟು ಅಂತರ ಅಂತ ಗಣಿತದ ಟೀಚರು ಕೈಯಿಟ್ಟು ನೋಡಿದರು. ನಾಲ್ಕು ಬೆರಳು. ಆ ದಿನ ಅವರು ಪಾಠ ಮಾಡಲಿಲ್ಲ. ಮಕ್ಕಳಿಗೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಸುಮ್ಮನೆ ಕುಳಿತರು.

ಹುಡುಗಿಗೆ ಏನೂ ಆಗಿರಲಿಲ್ಲ. ಬಾಟಲಿ ಹಾಳಾಯಿತು, ಅಮ್ಮ ಬೈತಾರೆ ಅಂತಷ್ಟೇ ಅವಳ ಚಿಂತೆ.

ಸಂಜೆ ಕೋರೆಗೆ ಹೋದೆವು. ಚೂರನ್ನು ತೋರಿಸಿದೆವು. ಹುಡುಗರು ಮುಖ ಮುಖ ನೋಡಿಕೊಂಡರು. ಗಣಿತದ ಫಸ್ಟಿನವನು ಹೇಳಿದ: "ಟೀಚರ್, ಇದು ಆಟಿಕೆ ಥರ. ಲೈಸೆನ್ಸೇ ಬೇಡ ಇದಕ್ಕೆ."

ಅವನು ಸುಳ್ಳು ಹೇಳಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಗಲ 4.5 ಮಿಲಿಮೀಟರ್ ದಾಟದ, ಗುಂಡಿನ ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಆದರೆ ಲೈಸೆನ್ಸ್ ಬೇಡ ಅನ್ನುವುದಕ್ಕೂ ಆಟಿಕೆ ಅನ್ನುವುದಕ್ಕೂ ಏನು ಸಂಬಂಧ? ಗಣಿತದ ಟೀಚರು ಅಲ್ಲೇ ಕೆಂಪುಕಲ್ಲಿನ ಮೇಲೆ ಇದ್ದಿಲಿನಲ್ಲಿ ಲೆಕ್ಕ ಹಾಕಿಸಿದರು. ಗುಳಿಗೆಯ ತೂಕ ಅರ್ಧ ಗ್ರಾಂ. ಶಕ್ತಿ 20 ಜೂಲ್. ವೇಗ ಎಷ್ಟು? ಹುಡುಗ ಮೊಬೈಲಿನಲ್ಲಿ ವರ್ಗಮೂಲ ತೆಗೆದು ಹೇಳಿದ: ಸೆಕೆಂಡಿಗೆ ಸುಮಾರು 283 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ ಸಾವಿರ ಕಿಲೋಮೀಟರಿಗೂ ಮೇಲೆ. ಅವನೇ ಸ್ವಲ್ಪ ಬೆಚ್ಚಿದ. ಎರಡು ಕಿಲೋದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಎಷ್ಟು ಶಕ್ತಿಯೋ ಅಷ್ಟೇ ಇದು, ಆದರೆ ಪೂರ್ತಿ ಬೀಳುವುದು ಹೆಸರುಕಾಳಿನಷ್ಟು ಜಾಗದ ಮೇಲೆ. ಇನ್ನೇನು, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಹತ್ತಿರದಿಂದ ಎದೆಗೋ ತಲೆಗೋ ತಗುಲಿ ಪ್ರಾಣ ಹೋದ ಸುದ್ದಿಗಳೂ ಪೇಪರಿನಲ್ಲಿ ಬಂದದ್ದುಂಟು.

"ಆದ್ರೂ ಟೀಚರ್, ನಾವು ರಸ್ತೆಗೆ ಹೊಡೆಯಲಿಲ್ಲ. ಬಾಟಲಿಗೆ ಹೊಡೆದದ್ದು" ಅಂದ ಇನ್ನೊಬ್ಬ.

ಇದೇ ಮಾತು ನಮ್ಮನ್ನು ಕಾಡಿದ್ದು. ಅವರು ನಿಜವಾಗಿಯೂ ಬಾಟಲಿಗೇ ಹೊಡೆದಿದ್ದರು. ನಾವೂ ಡಿಸೆಂಬರಿನಲ್ಲಿ ಬಾಟಲಿಗೇ ಹೊಡೆದದ್ದು.

ಮರುದಿನ ಆದಿತ್ಯವಾರ ಒಂದು ಪ್ರಯೋಗ ಮಾಡಿದೆವು. ಶಾಲಾ ವಾರ್ಷಿಕೋತ್ಸವದ ನಾಟಕದ ಬಿಳಿ ಪರದೆಯನ್ನು ತಂದು ಅರ್ಧ ಗೋಡೆಯ ಆಚೆ, ರಸ್ತೆಯ ಈಚೆ ಬದಿಯ ಎರಡು ಅಕೇಶಿಯಾ ಮರಗಳ ಮಧ್ಯೆ ಕಟ್ಟಿದೆವು. ರಸ್ತೆಯ ಎರಡೂ ತುದಿಯಲ್ಲಿ ಒಬ್ಬೊಬ್ಬರು ನಿಂತು ಯಾರೂ ಬಾರದ ಹಾಗೆ ನೋಡಿಕೊಂಡೆವು. (ಈಗ ಯೋಚಿಸಿದರೆ ಅದೂ ಮಾಡಬಾರದಿತ್ತು. ಒಪ್ಪುತ್ತೇವೆ.) ಹುಡುಗರು ಎಂದಿನ ಜಾಗದಿಂದ ಎಂದಿನ ಬಾಟಲಿಗೆ ಇಪ್ಪತ್ತು ಗುಂಡು ಹೊಡೆದರು. ಆಮೇಲೆ ಎಲ್ಲರೂ ಹೋಗಿ ಪರದೆ ನೋಡಿದೆವು.

ಏಳು ತೂತು.

ನಡುವೆ ಪೊದೆ ಇದೆ, ಗೇರುಮರದ ಎಲೆ ಇದೆ, ಅದು ತಡೆಯುತ್ತದೆ ಅಂದುಕೊಂಡಿದ್ದರು. ಎಲೆ ಮರೆ ಮಾಡುತ್ತದೆ, ತಡೆಯುವುದಿಲ್ಲ. ಗುರಿ ತಪ್ಪಿದ್ದು ನೇರ ಹೋಗಿತ್ತು. ಕೆಲವು ಕೆಂಪುಕಲ್ಲಿನ ಅಂಚಿಗೆ ಬಡಿದು ಜಿಗಿದು ಓರೆಯಾಗಿ ಹೋಗಿದ್ದವು, ಅವುಗಳ ತೂತು ಉದ್ದುದ್ದ. ಒಂದು ತೂತು ಗಣಿತದ ಟೀಚರ ಸೊಂಟದ ಎತ್ತರದಲ್ಲಿತ್ತು. ಅಂದರೆ ಒಂದನೆಯ ಕ್ಲಾಸಿನ ಮಗುವಿನ ತಲೆಯ ಎತ್ತರ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹುಡುಗ ಬೆರಳಿಟ್ಟು ನೋಡಿ, ಬೆರಳು ತೆಗೆದ.

ಮಾರನೇ ವಾರ ನಮ್ಮ ಊರಿನ ಒಬ್ಬ ಅಜ್ಜನ ಹತ್ತಿರ ಹೋಗಿ ಈ ಕಥೆ ಹೇಳಿದೆವು. ಅಡಿಕೆ ಕೃಷಿಕರು, ಮಂಗ-ಹಂದಿಗೆಂದು ಕೋವಿ ಇಟ್ಟುಕೊಂಡ ಮನೆತನ. ನಮ್ಮ ಕಡೆ ಇಂಥ ಮನೆಗಳು ಬಹಳ. ಕೋವಿ ಅನ್ನುವುದಕ್ಕೆ ನಮ್ಮಲ್ಲಿ ಶಬ್ದಕ್ಕೇನೂ ಬರ ಇಲ್ಲ: ಕನ್ನಡದಲ್ಲಿ ಕೋವಿ, ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್. 1959ರ ಆಯುಧ ಕಾಯ್ದೆಯಲ್ಲೇ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸಿಗೆ ಪ್ರತ್ಯೇಕ ಮಾತಿದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ತೋಟ ಹಾಳುಮಾಡುವ ಕಾಡುಹಂದಿಯನ್ನು ಲೈಸೆನ್ಸುದಾರರಿಂದ ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತುಗಳಿಗೂ ವಹಿಸಿತು. ಹಾಗಾಗಿ ಕೋವಿಯನ್ನೇ ಊರಿನಿಂದ ಓಡಿಸಬೇಕು ಅನ್ನುವವರು ನಾವಲ್ಲ. ಒಂದು ರಾತ್ರಿಯಲ್ಲಿ ಹಂದಿ ಹೊಕ್ಕಿ ಹೋದ ಗೆಣಸಿನ ಗದ್ದೆ, ಬಾಳೆ ತೋಟ ನೋಡಿದವರು ಹಾಗೆ ಹೇಳುವುದೂ ಇಲ್ಲ.

ಅಜ್ಜ ಎಲ್ಲ ಕೇಳಿ, ಎಲೆ ಅಡಿಕೆ ಉಗುಳಿ ಬಂದು ಹೇಳಿದರು: "ನನ್ನ ಅಪ್ಪ ಕೋವಿ ಕೈಗೆ ಕೊಡುವ ಮೊದಲು ಒಂದು ಮಳೆಗಾಲ ಬರೀ ಜೊತೆಗೆ ನಡೆಸಿದ್ದರು. ಹಂದಿ ಕಂಡಕೂಡಲೇ ಹಂದಿಯನ್ನು ನೋಡಬೇಡ, ಹಂದಿಯ ಹಿಂದೆ ಏನುಂಟು ನೋಡು ಅಂತ. ಹಿಂದೆ ಬರೆ ಉಂಟಾ, ಹೊಡಿ. ಹಿಂದೆ ಆಕಾಶ ಉಂಟಾ, ಬಿಡು, ಹಂದಿ ನಾಳೆಯೂ ಬರ್ತದೆ."

ಬರೆ ಅಂದರೆ ಮಣ್ಣಿನ ದಿಬ್ಬ, ಗೊತ್ತಲ್ಲ? ಗುಂಡು ಅದರಲ್ಲಿ ಹೂತು ನಿಲ್ಲುತ್ತದೆ. ಆಕಾಶಕ್ಕೆ ಹೋದ ಗುಂಡು ಎಲ್ಲೋ ಇಳಿಯಲೇ ಬೇಕು. ಪಾಯಿಂಟ್ ಟೂ ಟೂ ಎಂಬ ಸಣ್ಣ ರೈಫಲಿನ ಗುಂಡು ಕೂಡಾ ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ಬಸ್ ಸ್ಟಾಪಿನಿಂದ ನಮ್ಮ ಶಾಲೆಗೆ ಇರುವ ದೂರಕ್ಕೆ ಸ್ವಲ್ಪ ಕಡಿಮೆ, ಅಷ್ಟೇ.

ನಮ್ಮಲ್ಲಿ ಡ್ರಿಲ್ ಮಾಷ್ಟ್ರಿಗೆ ಕೊಡಗಿನಲ್ಲಿ ನೆಂಟರಿದ್ದಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬಂದವರು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರವರೆಗೆ, ಮುಂದುವರಿಸಿತು. ಅಷ್ಟು ಕೋವಿ ಇರುವ ಜಾಗ. ಆದರೂ ಅವರು ನೋಡಿದ ಸ್ಪರ್ಧೆಯಲ್ಲಿ ಕಾಯಿ ಕಟ್ಟಿದ್ದ ಮರದ ಹಿಂದೆ ಗುಡ್ಡ ಇತ್ತಂತೆ, ಜನ ಎಲ್ಲ ಹೊಡೆಯುವವನ ಬೆನ್ನ ಹಿಂದೆ, ನಡುವೆ ಹಗ್ಗ. ಹಗ್ಗ ದಾಟಿದ ಒಬ್ಬ ಹುಡುಗನನ್ನು ಹಿರಿಯರೊಬ್ಬರು ಕಿವಿ ಹಿಡಿದು ಹಿಂದೆ ತಂದರಂತೆ. ಒಲಿಂಪಿಕ್ಸಿನಲ್ಲೂ ಅಷ್ಟೇ. ಹತ್ತು ಮೀಟರ್ ಏರ್ ರೈಫಲಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅಂಥ ಗುರಿಕಾರರು ಹೊಡೆಯುವಾಗಲೂ ಗುರಿಯ ಹಿಂದೆ ಗುಂಡು ಹಿಡಿಯುವ ತಡೆ ಇರುತ್ತದೆ. ಅಪ್ಪಣೆ ಇಲ್ಲದೆ ಒಬ್ಬರೂ ಗುಂಡು ಹಾರಿಸುವ ಹಾಗಿಲ್ಲ. ಬಿಂದ್ರಾಗೆ ಬೇಕಾದ ಗೋಡೆ ನಮ್ಮ ಹುಡುಗರಿಗೆ ಬೇಡವೇ? ಅಸೆಂಬ್ಲಿಯಲ್ಲಿ ಪದಕದ ಕಥೆ ಹೇಳಿದ ನಾವು ಈ ಗೋಡೆಯ ಕಥೆ ಹೇಳಲಿಲ್ಲ.

ದೂರು ಕೊಡಬೇಕೇ ಬೇಡವೇ ಅಂತ ನಮ್ಮೊಳಗೆ ನಾಲ್ಕು ದಿನ ಜಗಳ. ಕೊಟ್ಟರೆ ನಮ್ಮದೇ ಮಕ್ಕಳ ಮೇಲೆ ಕೊಟ್ಟಂತೆ. ಅದರಲ್ಲಿ ಒಬ್ಬ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದವನು, ಕೇಸು ಬಿದ್ದರೆ ಗತಿ? ಕೊಡದಿದ್ದರೆ ನಾಳೆ ಬಾಟಲಿಯ ಬದಲು ಮಗು. ಕಾನೂನೇನೋ ಇದೆ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕವಾಗಿ ನಡೆದುಕೊಂಡರೆ, ಯಾರಿಗೂ ಪೆಟ್ಟಾಗದಿದ್ದರೂ, ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಿನಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 2500 ರೂಪಾಯಿವರೆಗೆ ದಂಡ ಅಥವಾ ಎರಡೂ. ಕೋವಿಯಾದರೆ 2019ರಲ್ಲಿ ಆಯುಧ ಕಾಯ್ದೆಗೆ ಸೇರಿಸಿದ ಉಪಕಲಮು ಇನ್ನೂ ಬಿಗಿ: ಜೀವಕ್ಕೆ ಅಪಾಯವಾಗುವ ಹಾಗೆ ಬೇಜವಾಬ್ದಾರಿಯಿಂದ ಅಥವಾ ಮದುವೆ-ಮುಂಜಿಯ ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಪುಸ್ತಕದಲ್ಲಿ ಎಲ್ಲ ಇದೆ. ಕೋರೆಯಲ್ಲಿ ಮಾತ್ರ ಇರಲಿಲ್ಲ.

ಕಡೆಗೆ ಹೆಸರು ಬರೆಯದೆ, ಜಾಗದ ವಿಷಯ ಮಾತ್ರ ಬರೆದು ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಕನ್ನಡದಲ್ಲೇ ಬರೆದೆವು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು ಅಂತಿದೆ. ಅರ್ಜಿ ತೆಗೆದುಕೊಂಡವರು ತಿರುಗಿಸಿ ಮುರುಗಿಸಿ ನೋಡಿ, "ಮಾಷೇ, ಇದನ್ನು ಮಲಯಾಳದಲ್ಲಿ ಕೊಡಬಹುದೋ?" ಅಂದರು. ಬೇರೆ ದಿನವಾದರೆ ಅಲ್ಲೇ ಅರ್ಧ ಗಂಟೆ ವಾದ ಮಾಡುತ್ತಿದ್ದೆವು. ಆ ದಿನ ಮಾಡಲಿಲ್ಲ. ಬೆಂಚಿನಲ್ಲಿ ಕುಳಿತು ಮಲಯಾಳದಲ್ಲೂ ಬರೆದೆವು. ಭಾಷೆಯ ಹಕ್ಕು ದೊಡ್ಡದೇ, ಆದರೆ ನಾಲ್ಕು ಬೆರಳಿನ ಅಂತರ ಕಣ್ಣ ಮುಂದೆ ಇತ್ತು. ಉತ್ತರ ಎರಡೂ ಭಾಷೆಯಲ್ಲಿ ಬರಲಿಲ್ಲ. ಆದರೆ ಒಂದು ದಿನ ಯಾರೋ ಬಂದು ಕೋರೆ ನೋಡಿ, ಅಲ್ಲಿದ್ದವರಿಗೆ ಎರಡು ಮಾತು ಹೇಳಿ ಹೋದರಂತೆ. ಅಷ್ಟಾದರೂ ಆಯಿತು.

ನಿಜವಾದ ಕೆಲಸ ಮಾಡಿದ್ದು ಆ ಹುಡುಗರೇ. ಪರದೆಯ ತೂತು ನೋಡಿದ ಮೇಲೆ ಗಣಿತದ ಫಸ್ಟಿನವನು ಮನೆಗೆ ಬಂದು "ಟೀಚರ್, ದಿಕ್ಕು ಬದಲಿಸ್ತೇವೆ" ಅಂದ. ಈಗ ಅವರು ರಸ್ತೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಎದುರಿಗೆ ಎರಡಾಳು ಎತ್ತರದ ಗೋಡೆ. ಕಲ್ಲಿಗೆ ಬಡಿದು ಜಿಗಿಯಬಾರದು ಅಂತ ಅದರ ಮುಂದೆ ಮಣ್ಣು ತುಂಬಿದ ಗೋಣಿಚೀಲದ ಅಟ್ಟಿ. ಬಾಟಲಿ ಬೇಡ, ರಟ್ಟು. ಹೊಡೆಯುವ ಮೊದಲು ಒಬ್ಬ ಕೋರೆಯ ಬಾಯಿಯಲ್ಲಿ ಕೆಂಪು ಬಟ್ಟೆ ಕಟ್ಟುತ್ತಾನೆ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಮೂರರಿಂದ ಐದು ಬಂದ್. ಇದು ಶೂಟಿಂಗ್ ರೇಂಜ್ ಅಲ್ಲ, ಪೂರ್ತಿ ಸರಿ ಅಂತಲೂ ನಾವು ಹೇಳುವುದಿಲ್ಲ. ಆದರೆ ಮೊದಲಿನ ಹಾಗೆ ಅಲ್ಲ.

ರಸ್ತೆ ಬದಿಯಲ್ಲಿ ಮಕ್ಕಳ ಕೈಯಲ್ಲಿ ಒಂದು ಬೋರ್ಡು ಬರೆಸಿ ನೆಟ್ಟೆವು. 'ಶಾಲಾ ಮಕ್ಕಳ ದಾರಿ, ಈ ಕಡೆಗೆ ಗುಂಡು ಹಾರಿಸಬೇಡಿ' ಅಂತ ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ. ತುಳುವಿನಲ್ಲೂ ಬೇಕು ಅಂತ ಮಕ್ಕಳ ಹಠ, ಅದನ್ನು ಕನ್ನಡ ಲಿಪಿಯಲ್ಲಿ ಬರೆದರು. ಬಾಟಲಿಯ ಹುಡುಗಿಯೇ ಚಿತ್ರ ಬಿಡಿಸಿದಳು: ಒಂದು ಬ್ಯಾಗು, ಪಕ್ಕದಲ್ಲಿ ನೀರಿನ ಬಾಟಲಿ.

ಒಂದು ತಿಂಗಳಲ್ಲಿ ಬೋರ್ಡಿನಲ್ಲಿ ಎರಡು ತೂತು ಬಿದ್ದಿತ್ತು. ನಮ್ಮ ಹುಡುಗರು ದೇವರಾಣೆ ನಾವಲ್ಲ ಅಂದರು. ಬೈಕಿನಲ್ಲಿ ಹೊರಗಿನವರು ಬರುತ್ತಾರಂತೆ. ನಂಬಿದ್ದೇವೆ. ನಂಬದೆ ಏನು ಮಾಡುವುದು? ಬೋರ್ಡಿನ ತಗಡು ಬದಲಿಸಿದೆವು. ಪುನಃ ತೂತು ಬಿದ್ದರೆ ಪುನಃ ಬದಲಿಸುತ್ತೇವೆ, ಮತ್ತೆ ಅರ್ಜಿ ಕೊಡುತ್ತೇವೆ, ಈ ಸಲ ಮೊದಲೇ ಎರಡು ಭಾಷೆಯಲ್ಲಿ.

ಆ ತಿರುವು ಬಂದಾಗ ಈಗಲೂ ಮಕ್ಕಳನ್ನು ಬಲಬದಿಗೆ ಸಾಲು ಮಾಡಿಸುತ್ತೇವೆ. ಡ್ರಿಲ್ ಮಾಷ್ಟ್ರು ಒಂದು ದೊಡ್ಡ 'ಕೂ' ಹಾಕುತ್ತಾರೆ. ಮಕ್ಕಳಿಗೆ ಅದು ಆಟ, ಎಲ್ಲರೂ ಸೇರಿ 'ಕೂ' ಅನ್ನುತ್ತಾರೆ, ಗುಡ್ಡೆ ತಿರುಗಿ 'ಕೂ' ಅನ್ನುತ್ತದೆ. ಚಪ್ಪಟೆಯಾದ ಬಾಟಲಿಯನ್ನು ನಾವು ಹುಡುಗಿಯಿಂದ ಕೇಳಿ ತೆಗೆದುಕೊಂಡು ಹೊಸದು ಕೊಡಿಸಿದ್ದೇವೆ. ಹಳೆಯದು ಸ್ಟಾಫ್ ರೂಮಿನ ಕಪಾಟಿನಲ್ಲಿದೆ, ಗಣಿತದ ಟೀಚರ ಚಾಕ್ ಡಬ್ಬದ ಪಕ್ಕ.

ನಿಮ್ಮ ಮನೆಯಲ್ಲೂ ಏರ್‌ಗನ್ನೋ ಕೋವಿಯೋ ಇದ್ದರೆ ಒಂದೇ ಕೆಲಸ ಮಾಡಿ. ಹೊಡೆಯುವ ಮೊದಲು ಕೋವಿ ಕೆಳಗಿಟ್ಟು, ಗುರಿಯ ಆಚೆ ಬದಿಗೆ ಒಮ್ಮೆ ನಡೆದು ಹೋಗಿ ಬನ್ನಿ. ಅಲ್ಲಿ ಬರೆ ಇದೆಯೋ, ಕಾಲುದಾರಿ ಇದೆಯೋ ನಿಮ್ಮ ಕಣ್ಣಲ್ಲೇ ನೋಡಿ. ನಾವು ಮೂವರು ಆ ಡಿಸೆಂಬರಿನ ಸಂಜೆ ಅಷ್ಟು ದೂರ ನಡೆದಿರಲಿಲ್ಲ. ಅಬ್ಬಬ್ಬಾ ಅಂದರೆ ಅರುವತ್ತು ಹೆಜ್ಜೆ.